ಎರಡನೇ ಆಪರೇಷನ್‌ಗೆ ಮೊದಲು ತೀರ್ಮಾನವಾಗಬೇಕಾದದ್ದು: ಶಿಡ್ಲಘಟ್ಟ ಕಡೆಯ ಒಂದು ಎಂಡೊಮೆಟ್ರಿಯೋಸಿಸ್ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಆಸ್ಪತ್ರೆ, ವೈದ್ಯರ ಹೆಸರುಗಳನ್ನು ಬಿಟ್ಟಿದೆ.)

ಹಿನ್ನೆಲೆ

ಶಿಡ್ಲಘಟ್ಟ ಕಡೆಯ ಹಳ್ಳಿಯೊಂದರ ರೇಷ್ಮೆ ಬೆಳೆಗಾರರ ಮನೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡ ಹುಳದ ಮನೆ, ದುಡಿಯುವವರು ಗಂಡ, ಅತ್ತೆ, ಸೊಸೆ. ಸೊಸೆಗೆ 29 ವರ್ಷ. ಮದುವೆಯಾಗಿ ಐದು ವರ್ಷ, ಮಗುವಿಗಾಗಿ ಪ್ರಯತ್ನ ಶುರುಮಾಡಿ ನಾಲ್ಕು ವರ್ಷ.

ಮುಟ್ಟಿನ ನೋವು ಹದಿನೇಳನೇ ವಯಸ್ಸಿನಿಂದಲೂ ಇತ್ತು. ಮದುವೆಯಾದರೆ ಸರಿಹೋಗುತ್ತದೆ ಎಂದರು, ಆಮೇಲೆ ಒಂದು ಮಗುವಾದರೆ ಸರಿಹೋಗುತ್ತದೆ ಎಂದರು. ತಿಂಗಳಿಗೆ ಮೂರು ದಿನ ಮೆಫೆನಮಿಕ್ ಆಸಿಡ್ ಮಾತ್ರೆ ನುಂಗಿ ಆಕೆ ಸೊಪ್ಪು ಕೊಯ್ಯುತ್ತಿದ್ದರು. ನೋವು ರಕ್ತ ಕಾಣುವ ಎರಡು ದಿನ ಮೊದಲೇ ಶುರುವಾಗುತ್ತಿತ್ತು. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಚಾಕು ಹಾಕಿದಂತೆ ನೋವು. ಈ ಕೊನೆಯ ಎರಡನ್ನು ಆಕೆಯನ್ನು ಯಾರೂ ಕೇಳಿರಲಿಲ್ಲ, ಆಕೆಯಾಗಿ ಹೇಳಿಕೊಳ್ಳುವ ಮಾತೂ ಅವಲ್ಲ. ಕೇಳಿದ್ದರೆ ಕಾಯಿಲೆ ಅಂಡಾಶಯ ದಾಟಿ ಕರುಳಿನ ಹತ್ತಿರ ಹೋಗಿದೆ ಎಂಬ ಅನುಮಾನ ವರ್ಷಗಳ ಮೊದಲೇ ಬರುತ್ತಿತ್ತು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು ಎಂಡೊಮೆಟ್ರಿಯೋಸಿಸ್. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಇರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಅಂಗಾಂಶ ಹಾರ್ಮೋನಿಗೆ ಸ್ಪಂದಿಸುತ್ತದೆ, ಊದಿಕೊಳ್ಳುತ್ತದೆ, ಸುತ್ತಲಿನ ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಡ್ಡೆ ಮಾಡುತ್ತದೆ. ಜನ ಹೇಳುವ ಚಾಕೊಲೇಟ್ ಸಿಸ್ಟ್ ಇದೇ.

ಮೊದಲ ಆಪರೇಷನ್ ಏಕೆ ಫಲಿಸಲಿಲ್ಲ

ಮೂರು ವರ್ಷದ ಹಿಂದೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಎಡ ಅಂಡಾಶಯದ 5 ಸೆಂ.ಮೀ. ಗಡ್ಡೆಗೆ ಲ್ಯಾಪರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಆಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿದ್ದದ್ದು "ಗಡ್ಡೆಯ ನೀರು ತೆಗೆಯಲಾಗಿದೆ" ಎಂಬಷ್ಟು ಮಾತ್ರ. ಗಡ್ಡೆಯ ಗೋಡೆಯನ್ನು ಬಿಡಿಸಿರಲಿಲ್ಲ, ತುಣುಕನ್ನು ಬಯಾಪ್ಸಿಗೆ ಕಳಿಸಿರಲಿಲ್ಲ, ನಂತರ ಯಾವ ಹಾರ್ಮೋನ್ ಮಾತ್ರೆಯನ್ನೂ ಬರೆದಿರಲಿಲ್ಲ. ಹತ್ತು ತಿಂಗಳಲ್ಲಿ ಗಡ್ಡೆ ಮರಳಿತು.

ಮರಳದೆ ಇದ್ದಿದ್ದರೇ ಆಶ್ಚರ್ಯ. ಗಡ್ಡೆಯೊಳಗಿನ ಕಂದು ದ್ರವ ಕಾಯಿಲೆಯಲ್ಲ, ಅದರ ಫಲ. ದ್ರವ ಸುರಿಸುವ ಗೋಡೆ ಉಳಿದರೆ ಚೀಲ ಮತ್ತೆ ತುಂಬುತ್ತದೆ. ಹಾಗಾಗಿ ಬರೀ ಹೀರಿ ಬಿಡುವುದಕ್ಕಿಂತ ಗೋಡೆಯನ್ನು ಸುಲಿದು ತೆಗೆಯುವ ವಿಧಾನಕ್ಕೆ ಮನ್ನಣೆ. ಆದರೆ ಸುಲಿಯುವಾಗ ಗೋಡೆಯ ಜೊತೆ ಒಳ್ಳೆಯ ಅಂಡಾಶಯದ ತೆಳು ಪದರವೂ, ಅದರೊಳಗಿನ ಅಂಡಗಳೂ ಒಂದಿಷ್ಟು ಹೋಗುತ್ತವೆ. ಮುಂದಿನ ಎಲ್ಲ ತೀರ್ಮಾನಗಳೂ ಈ ಕೊಡು-ಕೊಳ್ಳುವಿಕೆಯ ಸುತ್ತಲೇ ನಡೆದವು.

ಪರೀಕ್ಷೆಗಳು

ಈ ಸಲ ಯೋನಿಯ ಮೂಲಕ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಎಡಗಡೆ 6.2 ಸೆಂ.ಮೀ., ಬಲಗಡೆ 2.1 ಸೆಂ.ಮೀ. ಗಡ್ಡೆ. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಕ್ಯಾನ್ ಮಾಡಿದವರು ಇನ್ನೊಂದು ಪರೀಕ್ಷೆಯನ್ನೂ ಮಾಡಿ ಬರೆದಿದ್ದರು: ಹೊಟ್ಟೆಯ ಮೇಲೆ ಕೈಯಿಂದ ಒತ್ತಿದಾಗ ಗರ್ಭಕೋಶ ಹಿಂದಿನ ಕರುಳಿನ ಮೇಲೆ ಜಾರಬೇಕು, ಇಲ್ಲಿ ಜಾರುತ್ತಿರಲಿಲ್ಲ. ಪ್ರಕರಣದ ದಿಕ್ಕು ಬದಲಾದದ್ದು ಈ ಒಂದು ಸಾಲಿನಿಂದ. ಗರ್ಭಕೋಶದ ಹಿಂದಿನ ಜಾಗ ಮುಚ್ಚಿಹೋಗಿದೆ, ಕರುಳು ಒಳಗೊಂಡಿರಬಹುದು ಎಂದು ಎಂಆರ್‌ಐ ಮಾಡಿಸಿದರು. ಗುದನಾಳದ ಮುಂಗೋಡೆಯಲ್ಲಿ 1.8 ಸೆಂ.ಮೀ. ಗಂಟು ಸಿಕ್ಕಿತು. ಮೂತ್ರಪಿಂಡಗಳ ಸ್ಕ್ಯಾನಿಂಗ್ ಸರಿಯಿತ್ತು. ಅದನ್ನು ಬಿಡುವಂತಿಲ್ಲ, ಯಾಕೆಂದರೆ ಈ ಕಾಯಿಲೆ ಮೂತ್ರನಾಳವನ್ನು ಸುತ್ತುವರಿದು ಯಾವ ನೋವೂ ಇಲ್ಲದೆ ಮೂತ್ರಪಿಂಡ ಕೆಡಿಸಬಲ್ಲದು.

ಅಂಡಾಶಯದ ಕ್ಯಾನ್ಸರ್ ಅನುಮಾನವಿದ್ದಾಗಲೂ ನೋಡುವ ಸಿಎ-125 ರಕ್ತಪರೀಕ್ಷೆ 78 ಬಂದಿತ್ತು. ಲ್ಯಾಬ್ ವರದಿಯಲ್ಲಿ 35ರ ಮೇಲೆ ದಪ್ಪಕ್ಷರದ ಗುರುತು ಕಂಡು ಮನೆಯವರು ಕ್ಯಾನ್ಸರ್ ಎಂದು ಒಂದು ವಾರ ಊಟ ಬಿಟ್ಟಿದ್ದರು. ಎಂಡೊಮೆಟ್ರಿಯೋಸಿಸ್‌ನಲ್ಲಿ ಈ ಅಂಕಿ ಏರುವುದು ಸಾಮಾನ್ಯ, ಮುಟ್ಟಿನ ಸಮಯದಲ್ಲೂ ಏರುತ್ತದೆ. ಇದರಿಂದ ರೋಗ ನಿರ್ಣಯವಾಗುವುದಿಲ್ಲ. ಹೊಟ್ಟೆಯೊಳಗಿನ ಕ್ಷಯವೂ ಇದೇ ತರಹದ ಅಂಟು, ಗಡ್ಡೆ, ಬಂಜೆತನ ಮಾಡಬಲ್ಲದಾದ್ದರಿಂದ ಎದೆಯ ಎಕ್ಸ್‌ರೇ ಆಯಿತು. ಆಪರೇಷನ್ ವೇಳೆ ಗರ್ಭಕೋಶದ ಒಳಪದರದ ತುಣುಕನ್ನು ಟಿಬಿ ಪರೀಕ್ಷೆಗೆ ಕಳಿಸುವುದೆಂದೂ ಮೊದಲೇ ಬರೆದಿಟ್ಟರು. ನಮ್ಮ ಕಡೆ ಇದನ್ನು ಮರೆಯಬಾರದು.

ಹಿಮೋಗ್ಲೋಬಿನ್ 9.4 ಇತ್ತು. ಕಬ್ಬಿಣದ ಇಂಜೆಕ್ಷನ್ ರಕ್ತನಾಳಕ್ಕೆ ಕೊಟ್ಟು ನಾಲ್ಕು ವಾರ ಕಾದಾಗ 11.2ಕ್ಕೆ ಬಂತು. ಅಂಡಗಳ ದಾಸ್ತಾನು ತಿಳಿಸುವ ಎಎಂಎಚ್ 1.4. ಆಕೆಯ ವಯಸ್ಸಿಗೆ ಅದು ಕಡಿಮೆಯೇ.

ಗಂಡನ ವೀರ್ಯ ಪರೀಕ್ಷೆ? ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಹೆಂಡತಿಗೆ ಒಂದು ಆಪರೇಷನ್ ಆಗಿಹೋಗಿತ್ತು, ಆದರೂ ಕೆಲವೇ ನೂರು ರೂಪಾಯಿಯ ಈ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ. ಮಾಡಿಸಿದಾಗ ಮಿಲಿಲೀಟರಿಗೆ 38 ಮಿಲಿಯನ್, ಚಲನೆ ಶೇ. 52 ಬಂತು. ಕೆಳಮಿತಿ 16 ಮಿಲಿಯನ್, ಶೇ. 42. ಸರಿಯಿತ್ತು. ತೀರಾ ಕಡಿಮೆ ಬಂದಿದ್ದರೆ ಆಪರೇಷನ್‌ನಿಂದ ಸಹಜ ಗರ್ಭದ ಲಾಭವೇ ಇಲ್ಲವಾಗಿ ಲೆಕ್ಕ ಪೂರ್ತಿ ಬೇರೆಯಾಗುತ್ತಿತ್ತು.

ಆಪರೇಷನ್ನೋ, ನೇರ ಐವಿಎಫ್ಫೋ

ಇಲ್ಲಿ ಸರಳ ಉತ್ತರವಿರಲಿಲ್ಲ. ಐವಿಎಫ್‌ಗೆ (ಅಂಡ, ವೀರ್ಯಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುವ ಚಿಕಿತ್ಸೆ) ಮೊದಲು ಗಡ್ಡೆ ತೆಗೆದರೆ ಮಗುವಾಗುವ ಪ್ರಮಾಣ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಾಸ್ತಾನು ಕಡಿಮೆ ಇರುವವರಲ್ಲಿ ಗಡ್ಡೆ ಸುಲಿದರೆ ಇರುವ ಅಂಡಗಳೂ ಕಡಿಮೆಯಾಗುವ ಭಯ. ಇನ್ನೊಂದು ಕಡೆ, ಹತ್ತಕ್ಕೆ ಎಂಟರಷ್ಟು ನೋವು, ಮಲವಿಸರ್ಜನೆಯ ಹಿಂಸೆ, ಇದುವರೆಗೆ ತುಣುಕಿನ ಪರೀಕ್ಷೆಯೇ ಆಗದ 6 ಸೆಂ.ಮೀ. ಗಡ್ಡೆ. ಮಗು ಮಾತ್ರ ಗುರಿಯಾಗಿದ್ದು ನೋವು ತಡೆಯುವಂತಿದ್ದರೆ ನೇರ ಐವಿಎಫ್ ಸರಿಯಾದ ದಾರಿ. ಆಕೆಗೆ ಎರಡೂ ಬೇಕಿತ್ತು.

ವೈದ್ಯರು ಕೇಳಿದ ಪ್ರಶ್ನೆ ಇದು: "ಎರಡರಲ್ಲಿ ಒಂದೇ ಸಿಗುವುದಾದರೆ ಯಾವುದು ಮೊದಲು ಬೇಕು?" ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ "ನೋವು ಹೋಗಲಿ ಮೇಡಂ, ತಡ್ಕೊಳಕ್ಕಾಗ್ತಿಲ್ಲ" ಎಂದರು. ಅತ್ತೆ ಕೇಳಿದ್ದು ಒಂದೇ ಮಾತು: "ಗರ್ಭಕೋಶ ತೆಗೆದುಬಿಡಲ್ಲ ತಾನೇ?" ಇಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಬರೆಸಿದರು.

ತೀರ್ಮಾನಗಳು ಹೀಗಾದವು. ಎಡ ಗಡ್ಡೆಯ ಗೋಡೆಯನ್ನು ಸುಲಿಯುವುದು. ಬಲಗಡೆಯ ಚಿಕ್ಕದನ್ನು ಸುಲಿಯದೆ, ತೆರೆದು ತೊಳೆದು ತುಣುಕು ತೆಗೆದು ಬಿಡುವುದು; ಎರಡೂ ಕಡೆ ಒಟ್ಟಿಗೆ ಸುಲಿದರೆ ಅಂಡಾಶಯಕ್ಕೆ ಬೀಳುವ ಪೆಟ್ಟು ಹೆಚ್ಚು. ಕರುಳಿನ ಗಂಟನ್ನು ಮೇಲಿನಿಂದ ಹೆರೆದು ತೆಗೆಯುವುದು, ಕರುಳು ತುಂಡರಿಸುವುದು ಅನಿವಾರ್ಯವಾದರೆ ಮಾತ್ರ. ಆ ಅನಿವಾರ್ಯ ಬಂದರೆ ಕೆಲಕಾಲ ಹೊಟ್ಟೆಯ ಮೇಲೆ ಮಲದ ಚೀಲ ಬೇಕಾಗಬಹುದು ಎಂಬುದನ್ನೂ ಗಂಡ-ಹೆಂಡತಿ ಇಬ್ಬರಿಗೂ ಹೇಳಿ ಸಹಿ ಪಡೆದರು. ಅರಿವಳಿಕೆಯಲ್ಲಿ ಮಲಗಿದವರನ್ನು ಕೇಳಲಾಗದು, ಹೊರಗೆ ಕೂತ ಗಂಡನನ್ನು ಐದು ನಿಮಿಷದಲ್ಲಿ ಒಪ್ಪಿಸುವುದು ನ್ಯಾಯವಲ್ಲ. ಹೊಟ್ಟೆ ಕೊಯ್ದು ತೆರೆದ ಆಪರೇಷನ್‌ಗೆ ಬದಲಾಗುವ ಸಾಧ್ಯತೆಯನ್ನೂ ಸೇರಿಸಿದರು.

ಕರುಳಿನ ಗಂಟು ಇದ್ದುದರಿಂದ ಜಾಗವೂ ಬದಲಾಯಿತು. ಸ್ತ್ರೀರೋಗ ತಜ್ಞರ ಜೊತೆ ಕರುಳಿನ ಶಸ್ತ್ರವೈದ್ಯರೂ ಅದೇ ಮೇಜಿನ ಬಳಿ ಇರಬಲ್ಲ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಮನೆಯವರದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಂಡರು. ಯಾವ ಪ್ಯಾಕೇಜಿನಲ್ಲಿ ಮಂಜೂರಾಗಿದೆ, ಕರುಳಿನ ಭಾಗವೂ ಅದರಲ್ಲಿ ಸೇರುತ್ತದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಬಳಿ ಕೇಳಿಕೊಂಡದ್ದು ಒಳ್ಳೆಯದಾಯಿತು.

ಇನ್ನು ದಿನ ಗೊತ್ತುಮಾಡುವ ಮಾತು. ಚಾಕಿ ಹುಳ (ರೇಷ್ಮೆಯ ಮರಿಹುಳ) ಮನೆಗೆ ಬಂದರೆ ಗೂಡು ಬಿಡಿಸುವವರೆಗೆ ಕೈ ಬಿಡುವಂತಿಲ್ಲ, ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲಿನ ವಾರವಂತೂ ಹಗಲು ರಾತ್ರಿ ಸೊಪ್ಪು ಹೊರಬೇಕು. ಆಪರೇಷನ್ ಆದ ಆರು ವಾರ ಹೊರೆ ಎತ್ತಬಾರದು ಎಂದಾಗ ಗಂಡ ಲೆಕ್ಕ ಹಾಕಿ ಒಂದು ಬೆಳೆ ಬಿಡುವುದೆಂದು ನಿರ್ಧರಿಸಿದರು. ಈ ಮಾತನ್ನು ಮೊದಲೇ ಆಡದೆ ಇದ್ದಿದ್ದರೆ ಮೂರನೇ ವಾರಕ್ಕೇ ಆಕೆ ತೋಟದಲ್ಲಿರುತ್ತಿದ್ದರು.

ಆಪರೇಷನ್ ದಿನ

ಎರಡು ದಿನ ಮೊದಲಿನಿಂದ ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು ಬಂದ್; ಗಂಜಿ, ಮೊಸರನ್ನ, ತಿಳಿಸಾರು. ಹಿಂದಿನ ಸಂಜೆ ಎನಿಮಾ. ಗಟ್ಟಿ ಆಹಾರ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಿಸಬೇಕು. ತಾಳಿ, ಕಾಲುಂಗುರ, ಬಳೆ ತೆಗೆಯಬೇಕೆಂದಾಗ ಅತ್ತೆ ಹಿಂಜರಿದರು. ಕರೆಂಟಿನಿಂದ ಸುಡುವ ಸಾಧನ ಬಳಸುವಾಗ ಮೈಮೇಲಿನ ಲೋಹದ ಕಡೆ ಸುಟ್ಟ ಗಾಯ ಆಗಬಹುದು, ಬೆರಳು ಊದಿದರೆ ಉಂಗುರ ಸಿಕ್ಕಿಕೊಳ್ಳುತ್ತದೆ ಎಂದು ನರ್ಸ್ ವಿವರಿಸಿದರು. ಬರೀ ಅರಿಶಿನದ ದಾರ ಕೊರಳಲ್ಲಿ ಉಳಿಯಿತು, ಚಿನ್ನ ಅತ್ತೆಯ ಸೆರಗಿಗೆ ಹೋಯಿತು.

ಪೂರ್ತಿ ಅರಿವಳಿಕೆ. ಹೊಕ್ಕುಳಲ್ಲಿ 10 ಮಿ.ಮೀ. ತೂತು, ಕೆಳಹೊಟ್ಟೆಯಲ್ಲಿ 5 ಮಿ.ಮೀ.ನ ಮೂರು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯೊಳಗಿನ ಒತ್ತಡವನ್ನು 12ರಿಂದ 15 ಮಿ.ಮೀ. ಪಾದರಸದಷ್ಟರಲ್ಲಿ ಇಟ್ಟು, ಕರುಳು ಮೇಲೆ ಸರಿಯುವಂತೆ ತಲೆ ತಗ್ಗಿಸಿ ಮಲಗಿಸಿದರು. ಕೆಲಸದ ಕ್ರಮ ಗಮನಿಸಬೇಕಾದದ್ದು. ಮೊದಲು ಪಿತ್ತಕೋಶದ ಕಡೆಯಿಂದ ಅಪೆಂಡಿಕ್ಸ್‌ವರೆಗೆ ಎಲ್ಲವನ್ನೂ ನೋಡಿ ವಿಡಿಯೋ ಮಾಡಿದರು. ಎಡಗಡೆ ಅಂಟಿದ್ದ ದೊಡ್ಡ ಕರುಳನ್ನು ಬಿಡಿಸಿದರು. ಆಮೇಲೆ ಎರಡೂ ಮೂತ್ರನಾಳಗಳನ್ನು ಮೇಲಿನಿಂದ ಗುರುತಿಸಿಕೊಂಡು ಕೆಳಗಿನವರೆಗೆ ಹಿಂಬಾಲಿಸಿದರು. ಇಷ್ಟಾಗುವವರೆಗೆ ಅಂಡಾಶಯ ಮುಟ್ಟಲಿಲ್ಲ. ಅಂಟಿದ ಅಂಡಾಶಯದ ಅಡಿಯಲ್ಲೇ ಮೂತ್ರನಾಳ ಹಾದುಹೋಗುತ್ತದೆ, ಅದನ್ನು ಕಾಣದೆ ಸುಡುವುದು ಈ ಆಪರೇಷನ್‌ನ ದೊಡ್ಡ ಅಪಾಯ.

ಬಿಡಿಸುವಾಗ ಎಡ ಗಡ್ಡೆ ಒಡೆಯಿತು. ಹೆಚ್ಚುಕಡಿಮೆ ಯಾವಾಗಲೂ ಒಡೆಯುತ್ತದೆ. ಹೀರಿ, ತೊಳೆದು, ಗೋಡೆಗೂ ಅಂಡಾಶಯಕ್ಕೂ ನಡುವಿನ ಪದರ ಹಿಡಿದು ಎದುರುಬದುರು ಮೆಲ್ಲಗೆ ಎಳೆಯುತ್ತ ಸುಲಿದರು. ರಕ್ತನಾಳಗಳು ಒಳಹೊಗುವ ಬುಡದ ಹತ್ತಿರ ಬಂದಾಗ ರಕ್ತ ಜಿನುಗಿತು. ಅಲ್ಲಿ ಸುಟ್ಟು ನಿಲ್ಲಿಸುವುದು ಸುಲಭ, ಬೇಗ. ಆದರೆ ಆ ಶಾಖ ಉಳಿದ ಅಂಡಗಳನ್ನು ಕೊಲ್ಲುತ್ತದೆ, ಅಂಡಾಶಯದ ರಕ್ತ ಸರಬರಾಜನ್ನೂ ಕೆಡಿಸುತ್ತದೆ. ಕರಗುವ ದಾರದಿಂದ ಹೊಲಿದು ನಿಲ್ಲಿಸಿದರು, ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ಎಎಂಎಚ್ 1.4 ಇರುವವರಲ್ಲಿ ಈ ಇಪ್ಪತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು.

ಕರುಳಿನ ಗಂಟು ಎಂಆರ್‌ಐಯಲ್ಲಿ ಕಂಡದ್ದಕ್ಕಿಂತ ಸ್ವಲ್ಪ ಆಳವಿತ್ತು. ಹೆರೆದ ಮೇಲೆ ತೆಳು ಪದರ ಉಳಿಯಬಹುದೆಂದು ಕರುಳಿನ ತಜ್ಞರಿಗೆ ಅನ್ನಿಸಿತು. ಅದನ್ನೂ ತೆಗೆಯಲು ಹೋದರೆ ಕರುಳು ತೂತಾಗುವ, ಸೋರುವ ಅಪಾಯ. ಮೊದಲೇ ಒಪ್ಪಿದ್ದಂತೆ ಅಲ್ಲಿಗೆ ನಿಲ್ಲಿಸಿದರು. ಕೆಳಹೊಟ್ಟೆಗೆ ನೀರು ತುಂಬಿ ಗುದದಿಂದ ಗಾಳಿ ಬಿಟ್ಟು ನೋಡಿದಾಗ ಗುಳ್ಳೆ ಏಳಲಿಲ್ಲ. ಕರುಳು ಸೋರುತ್ತಿಲ್ಲ ಎಂದರ್ಥ. ಗರ್ಭಕೋಶದ ಮೂಲಕ ನೀಲಿ ಬಣ್ಣ ಬಿಟ್ಟಾಗ ಬಲ ಗರ್ಭನಾಳದಿಂದ ಸರಾಗ ಹೊರಬಂತು, ಎಡದಿಂದ ಬರಲಿಲ್ಲ; ಬಲ ನಾಳ ತೆರೆದಿದೆ, ಎಡದ್ದು ಮುಚ್ಚಿರಬಹುದು ಎಂದರ್ಥ. ಒಟ್ಟು ಮೂರು ಗಂಟೆ ಹಿಡಿಯಿತು.

ಕಾಯಿಲೆ ನಾಲ್ಕನೇ ಹಂತ, ಎಂಡೊಮೆಟ್ರಿಯೋಸಿಸ್‌ನ ನಾಲ್ಕು ಹಂತಗಳಲ್ಲಿ ಅತಿ ತೀವ್ರವಾದದ್ದು. ಮುಂದೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಅಳೆಯಲು 0ಯಿಂದ 10ರವರೆಗಿನ ಒಂದು ಅಂಕವಿದೆ: ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಹಿಂದೆ ಗರ್ಭ ನಿಂತಿತ್ತೇ, ಆಪರೇಷನ್ ಕೊನೆಯಲ್ಲಿ ನಾಳ ಮತ್ತು ಅಂಡಾಶಯ ಎಷ್ಟು ಚೆನ್ನಾಗಿವೆ, ಕಾಯಿಲೆ ಎಷ್ಟು ಹರಡಿದೆ ಎಂಬುದರ ಮೊತ್ತ. ಆಕೆಗೆ ಬಂದದ್ದು 4. ಅದನ್ನು ಆಪರೇಷನ್ ಟಿಪ್ಪಣಿಯಲ್ಲೇ ಬರೆದರು. ಈ ಅಂಕವಿಲ್ಲದೆ "ಇನ್ನು ಪ್ರಯತ್ನ ಮಾಡಿ" ಎಂದು ಕಳಿಸಿದ್ದರೆ ಎರಡು ವರ್ಷ ಕಳೆದುಹೋಗುತ್ತಿತ್ತು.

ಆಪರೇಷನ್ ಆದ ಮೇಲೆ

ಅದೇ ರಾತ್ರಿ ಆಕೆ ಹೇಳಿದ ಮೊದಲ ನೋವು ಹೊಟ್ಟೆಯದಲ್ಲ, ಬಲ ಭುಜದ್ದು. ಗಂಡ ಹೃದಯಾಘಾತವೆಂದು ಹೆದರಿದರು. ಹೊಟ್ಟೆಯಲ್ಲಿ ಉಳಿದ ಗಾಳಿ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆ) ಕೆಣಕಿದಾಗ ಅದರ ನರ ಭುಜದಲ್ಲಿ ನೋವು ತೋರಿಸುತ್ತದೆ. ಎದ್ದು ಓಡಾಡಿದರೆ, ಬಿಸಿ ಶಾಖ ಕೊಟ್ಟರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಮರುದಿನ ಮೂತ್ರದ ಕೊಳವೆ ತೆಗೆದರು. ಗರ್ಭಕೋಶದ ಹಿಂದೆ ಆಳದ ಕೆಲಸವಾದಾಗ ಮೂತ್ರಕೋಶದ ನರಗಳಿಗೆ ಪೆಟ್ಟು ಬಿದ್ದಿರಬಹುದಾದ್ದರಿಂದ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡಿದರು. ಮೂರನೇ ದಿನ ಡಿಸ್ಚಾರ್ಜ್. ಕಾರಿನಲ್ಲಿ ಮನೆಗೆ, ಬೈಕಿನ ಹಿಂದೆ ಕೂತು ಬರುವುದು ಬೇಡ ಎಂದಿದ್ದರು.

ಮೊದಲ ಎರಡು ವಾರ ತುಂಬಿದ ಬಿಂದಿಗೆ ಎತ್ತುವಂತಿಲ್ಲ. ನಡೆಯಬಹುದು, ಸ್ನಾನ ಮಾಡಬಹುದು, ಕೂತು ತರಕಾರಿ ಹೆಚ್ಚಬಹುದು. ಮಲ ಗಟ್ಟಿಯಾಗದಂತೆ ಔಷಧಿ. ನಾದಿನಿ ಬಂದು ಹದಿನೈದು ದಿನ ಉಳಿದರು.

ಒಂಬತ್ತನೇ ದಿನ 100.8 ಡಿಗ್ರಿ ಜ್ವರ, ಎಡಪಕ್ಕೆಯಲ್ಲಿ ನೋವು. ಊರಿನಲ್ಲೇ ಒಂದು ಇಂಜೆಕ್ಷನ್ ಹಾಕಿಸಿ ನೋಡೋಣ ಎಂಬುದು ಅತ್ತೆಯ ಮಾತು. ಡಿಸ್ಚಾರ್ಜ್ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟಿದ್ದ ಪಟ್ಟಿಯಲ್ಲಿ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ಪಕ್ಕೆ ನೋವು, ಯೋನಿಯಿಂದ ನೀರಿನಂತೆ ಸೋರುವುದು, ಒಂದು ಕಾಲು ಊದುವುದು ಇದ್ದವು. ಅದನ್ನು ನೋಡಿ ಗಂಡ ಅದೇ ರಾತ್ರಿ ಬೆಂಗಳೂರಿಗೆ ಕರೆತಂದರು. ಸಿಟಿ ಸ್ಕ್ಯಾನ್‌ನಲ್ಲಿ ಮೂತ್ರನಾಳ ಸರಿಯಿತ್ತು, ಮೂತ್ರದ ಸೋಂಕು ಸಿಕ್ಕಿತು, ಆಂಟಿಬಯೋಟಿಕ್‌ಗೆ ಇಳಿಯಿತು. ಚಿಕ್ಕ ವಿಷಯಕ್ಕೆ ಅಷ್ಟು ದೂರ ಓಡಿದಂತಾಯಿತೆಂದು ಯಾರೂ ಅಂದುಕೊಳ್ಳಬಾರದು. ಶಾಖದಿಂದ ಪೆಟ್ಟಾದ ಮೂತ್ರನಾಳ ಅಥವಾ ಕರುಳು ಆಪರೇಷನ್ ದಿನ ಚೆನ್ನಾಗಿಯೇ ಕಾಣುತ್ತದೆ, ತೂತಾಗಿ ಸೋರುವುದು ಹಲವು ದಿನಗಳ ನಂತರ. ಜ್ವರ ತಗ್ಗಿಸುವ ಇಂಜೆಕ್ಷನ್ ಆ ಸೂಚನೆಯನ್ನು ಮುಚ್ಚಿಬಿಡುತ್ತದೆ.

ಇಪ್ಪತ್ತನಾಲ್ಕನೇ ದಿನ ಮುಟ್ಟು ಬಂತು, ನೋವು ಹಿಂದಿನಷ್ಟೇ. "ಎಲ್ಲಾ ವೇಸ್ಟ್ ಆಯ್ತು" ಎಂದು ಆಕೆ ಅತ್ತರು. ಮೊದಲ ಒಂದೆರಡು ಮುಟ್ಟು ನೋವಿನಿಂದಲೇ ಕೂಡಿರಬಹುದು, ಒಳಗಿನ ಗಾಯ ಮಾಯುತ್ತಿರುತ್ತದೆ. ಅಪಾಯದ ಪಟ್ಟಿ ಬರೆದುಕೊಟ್ಟವರು ಈ ಒಂದು ಸಾಲನ್ನು ಮಾತ್ರ ಬರೆದಿರಲಿಲ್ಲ, ಬರೆದಿದ್ದರೆ ಒಂದು ತಿಂಗಳ ಸಂಕಟ ತಪ್ಪುತ್ತಿತ್ತು. ಮೂರನೇ ಮುಟ್ಟಿನ ಹೊತ್ತಿಗೆ ನೋವು ನಾಲ್ಕಕ್ಕೆ ಇಳಿಯಿತು, ಮಲವಿಸರ್ಜನೆಯ ನೋವು ಹೆಚ್ಚುಕಡಿಮೆ ಹೋಯಿತು. ಸೇರುವಾಗಿನ ನೋವು ಅರ್ಧದಷ್ಟು ಉಳಿಯಿತು. ವರ್ಷಗಟ್ಟಲೆ ಬಿಗಿಹಿಡಿದ, ಕೆಳಹೊಟ್ಟೆಯ ತಳದ ಸ್ನಾಯುಗಳು ಗಂಟು ತೆಗೆದ ಮಾತ್ರಕ್ಕೆ ಸಡಿಲವಾಗುವುದಿಲ್ಲ. ಉಸಿರಿನ ಜೊತೆ ಅವನ್ನು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸಿದ ಮೇಲೆ ಅದೂ ತಗ್ಗುತ್ತ ಬಂತು.

ಬಯಾಪ್ಸಿಯಲ್ಲಿ ಎಂಡೊಮೆಟ್ರಿಯೋಸಿಸ್ ಖಚಿತವಾಯಿತು. ಕ್ಷಯವಿಲ್ಲ, ಕ್ಯಾನ್ಸರ್ ಇಲ್ಲ. ಈ ವರದಿ, ಆಪರೇಷನ್ ಟಿಪ್ಪಣಿ, ವಿಡಿಯೋ ಇದ್ದ ಪೆನ್‌ಡ್ರೈವ್, ಮೂರನ್ನೂ ಕೇಳಿ ಪಡೆದು ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡರು. ಮೊದಲ ಆಪರೇಷನ್‌ನದು ಒಂದೂ ಇಲ್ಲದ ಕಾರಣ ಎಷ್ಟು ಪರೀಕ್ಷೆಗಳನ್ನು ಹೊಸದಾಗಿ ಮಾಡಿಸಬೇಕಾಯಿತು ಎಂಬುದು ಅವರಿಗೆ ಗೊತ್ತಿತ್ತು.

ಹದಿನಾರು ತಿಂಗಳಲ್ಲಿ

ಆಪರೇಷನ್ ನಂತರ ಗಡ್ಡೆ ಮರಳದಂತೆ ಹಾರ್ಮೋನ್ ಮಾತ್ರೆ ಕೊಡುವುದು ವಾಡಿಕೆ. ಆದರೆ ಅದು ಅಂಡ ಬಿಡುಗಡೆಯನ್ನು ತಡೆಯುತ್ತದೆ, ಮಗುವಿಗಾಗಿ ಪ್ರಯತ್ನಿಸುವವರಿಗೆ ಅದರಿಂದ ಲಾಭವಿಲ್ಲ. ಅಂಕ 4 ಇದ್ದುದರಿಂದ ಸಹಜ ಪ್ರಯತ್ನಕ್ಕೆ ಆರು ತಿಂಗಳ ಗಡುವು ಹಾಕಿದರು. ಗರ್ಭ ನಿಲ್ಲಲಿಲ್ಲ. ಎಎಂಎಚ್ ಆಗ 0.9 ಇತ್ತು. ಆಪರೇಷನ್ ಆದ ಕೂಡಲೇ ಈ ಪರೀಕ್ಷೆ ಮಾಡಿಸಿದರೆ ಅಂಕಿ ತಾತ್ಕಾಲಿಕವಾಗಿ ಇನ್ನೂ ಕೆಳಗಿರುತ್ತದೆ, ಅದಕ್ಕೇ ಆರು ತಿಂಗಳು ಕಾದಿದ್ದು.

ಐವಿಎಫ್ ಖರ್ಚು ಪೂರ್ತಿ ಮನೆಯದೇ. ಎರಡು ಬೆಳೆಯ ದುಡ್ಡು ಕೂಡಿಡುವವರೆಗೆ ಐದು ತಿಂಗಳು ಬೇಕಿತ್ತು. ಆ ಅವಧಿಗೆ ಡೈಯೆನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ, 2 ಮಿ.ಗ್ರಾಂ. ದಿನಕ್ಕೊಂದು ಬರೆದಾಗ ಅತ್ತೆ "ಮಗು ಆಗದ ಹಾಗೆ ಮಾತ್ರೆ ಯಾಕೆ?" ಎಂದು ತಡೆದರು. ಹೇಗೂ ಕಾಯುವ ತಿಂಗಳುಗಳಲ್ಲಿ ಕಾಯಿಲೆಯನ್ನು ಮಲಗಿಸಿಡಲು, ನಿಲ್ಲಿಸಿದ ಮೇಲೆ ಮುಟ್ಟು ಮರಳುತ್ತದೆ ಎಂದು ವಿವರಿಸಿದ ಮೇಲೆ ಶುರುವಾಯಿತು. ಮೊದಲ ಎರಡು ತಿಂಗಳು ಅಲ್ಲೊಂದು ಇಲ್ಲೊಂದು ದಿನ ರಕ್ತ ಕಂಡಿತು, ನಂತರ ನಿಂತಿತು. ಆ ತಿಂಗಳುಗಳಲ್ಲಿ ನೋವು ಸೊನ್ನೆ.

ಐವಿಎಫ್‌ನಲ್ಲಿ ಆರು ಅಂಡ ಸಿಕ್ಕವು, ಎರಡು ಭ್ರೂಣ ಶೀತಲೀಕರಿಸಿ ಇಡುವ ಮಟ್ಟಕ್ಕೆ ಬೆಳೆದವು. ಮೊದಲನೆಯದು ನಿಲ್ಲಲಿಲ್ಲ. ಹದಿನಾರನೇ ತಿಂಗಳ ಸ್ಕ್ಯಾನ್‌ನಲ್ಲಿ ಎಡ ಅಂಡಾಶಯ ಸ್ವಚ್ಛ, ಬಲಗಡೆಯ ಗಡ್ಡೆ 2.4 ಸೆಂ.ಮೀ. ಅದನ್ನು ಮುಟ್ಟುವುದಿಲ್ಲ, ಮೂರು ತಿಂಗಳಿಗೊಮ್ಮೆ ಅಳೆಯುವುದು. ಮುಟ್ಟಿನ ನೋವು ಹತ್ತಕ್ಕೆ ಮೂರು, ಒಂದು ದಿನದ ಮಾತ್ರೆಗೆ ಮುಗಿಯುತ್ತದೆ. ಆಕೆ ಮತ್ತೆ ಹುಳ ಮೇಯಿಸುತ್ತಿದ್ದಾರೆ. ಉಳಿದ ಭ್ರೂಣವನ್ನು ಈ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ನಂತರದ ಮುಟ್ಟಿನಲ್ಲಿ ಇರಿಸುವುದೆಂದು ದಿನ ಗೊತ್ತಾಗಿದೆ.